ಐಕಾನ್ ಒತ್ತಿದ್ರ ಫುಲ್ ಬ್ಯಾಕಪ್ ಆಗಂಗಿಲ್ಲ: ದೋಷ ಹುಡುಕೋದು ಹೆಂಗ, ಫುಲ್ ಕೇಳಿ ತಗೊಳೋದು ಹೆಂಗ

ಬಾಗಲಕೋಟಿ ನವನಗರದಾಗ ಲಗ್ನಪತ್ರಿಕೆ, ಬಿಲ್ ಬುಕ್ ಮಾಡೋ ಒಂದು ಪ್ರೆಸ್ ಐತ್ರಿ, ಮೊದಲ ಹಳೆ ಊರಾಗ ಇತ್ತು, ಆಲಮಟ್ಟಿ ಹಿನ್ನೀರು ಬಂದ ಮ್ಯಾಲ ಎಲ್ಲಾರಂಗ ಇವರೂ ಮ್ಯಾಲ ಬಂದ್ರು. ಡಿಸೈನ್ ಮಾಡೋ ಮೂರು ಕಂಪ್ಯೂಟರ್ ವಿಂಡೋಸ್, ಫೈಲ್ ಎಲ್ಲಾ ಮೂಲ್ಯಾಗಿರೋ ಒಂದು ಉಬುಂಟು ಲಿನಕ್ಸ್ ಕಂಪ್ಯೂಟರ್ ಡಬ್ಬಿಯೊಳಗ ಹೋಗಿ ಕುಂದರ್ತಾವು, ಅಲ್ಲಿಂದ ಡುಪ್ಲಿಸಿಟಿ ಅನ್ನೋ ಪ್ರೋಗ್ರಾಮ್ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡ್ತೈತಿ. ಲಗ್ನದ ಸೀಜನ್ ನಡಕ ಮಾಲಕ ಕಾಕಾರ ಫೋನ್ ಬಂತು. "ತಮ್ಮಾ, ದಿನಾ ಸಂಜೀಕ ಬ್ಯಾಕಪ್ ತಗೋತೀವಿ, ಆದ್ರ ಫೈಲ್ ವಾಪಸ್ ಬರವಲ್ದು ನೋಡು." ಹಿರೇ ಮಗಳ ಪತ್ರಿಕೆ ಇಲ್ಲೇ ಮಾಡಿಸಿದ ಗಿರಾಕಿ ಈಗ ಸಣ್ಣ ಮಗಳಿಗೂ ಅದೇ ಡಿಸೈನ್ ಬೇಕಂತ ಬಂದಾರ, ಆ ಫೋಲ್ಡರ್ ಜಾಗಾ ಖಾಲಿ ಮಾಡೋ ಗಡಿಬಿಡ್ಯಾಗ ಯಾರೋ ಡಿಲೀಟ್ ಮಾಡ್ಯಾರ, ಬ್ಯಾಕಪ್‌ನಿಂದ ತೆಗೀಲಿಕ್ಕೆ ಹೋದ್ರ ಅರ್ಧಕ್ಕ ಬಂದು ಇನ್‌ವ್ಯಾಲಿಡ್ ಡೇಟಾ, ಎಸ್‌ಎಚ್‌ಎ1 ಹ್ಯಾಶ್ ಮಿಸ್‌ಮ್ಯಾಚ್ (ಅಂದ್ರ ಬರದಿಟ್ಟ ಗುರುತಿಗೂ ಫೈಲಿಗೂ ತಾಳೆ ಇಲ್ಲ) ಅಂತ ಹೇಳಿ ನಿಂತು ಬಿಡ್ತೈತಿ. ಹೆದರಿಕಿ ಆಗಿ ಆಪರೇಟರ್ ಹುಡುಗ ಡೆಸ್ಕ್‌ಟಾಪ್ ಮ್ಯಾಲಿನ ಬ್ಯಾಕಪ್ ಐಕಾನ್ ಮತ್ತ ಎರಡು ಸಲ ಒತ್ಯಾನ, "ಸರ್, ಈಗ ಫುಲ್ ತಗೊಂಡೀನ್ರಿ" ಅಂದ.

ಫುಲ್ ಆಗಿರಲಿಲ್ಲ. ನನ್ನ ಹತ್ರ ಬರೋ ಇಂಥಾ ಕೇಸ್‌ನ್ಯಾಗ ಭಾಳ ಮಂದಿ ಎಡವೋದು ಇಲ್ಲೇ ಆದ್ದರಿಂದ ಇಷ್ಟು ಉದ್ದ ಬರೀಲಿಕತ್ತೀನಿ. ಇನ್‌ಕ್ರಿಮೆಂಟಲ್ ಬ್ಯಾಕಪ್ ಮಾಡೋ ಪ್ರೋಗ್ರಾಮಿಗೆ ಬರೇ ಬ್ಯಾಕಪ್ ಮಾಡು ಅಂದ್ರ ಅದು ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗೇತಿ ಅಷ್ಟನ್ನ ಬರಕೊಂಡು ಸುಮ್ಮನಾಗ್ತೈತಿ, ಹತ್ತು ಸಲ ಒತ್ರಿ ಹತ್ತು ಸಣ್ಣ ಸಣ್ಣ ತುಣುಕು ಸಿಗ್ತಾವು, ಫೋಲ್ಡರ್ ಡಿಲೀಟ್ ಆದ ಮ್ಯಾಲ ಒತ್ತಿದ್ರ "ಇಂಥಾ ಫೋಲ್ಡರ್ ಹೋತು" ಅಂತ ಅದನ್ನೂ ಬರಕೋತೈತಿ.

ಕಾಕಾರಿಗೆ ಕೀರ್ದಿ ಪುಸ್ತಕದ ಲೆಕ್ಕದಾಗ ಹೇಳಿದೆ, ಲಗೂನ ತಿಳೀತು. ಫುಲ್ ಬ್ಯಾಕಪ್ ಅಂದ್ರ ಪುಸ್ತಕದ ಮೊದಲ ಪಾನದಾಗ ಬರೆಯೋ ಆರಂಭದ ಶಿಲ್ಕು. ಆಮ್ಯಾಲ ದಿನಾ ಬರೆಯೋ ಜಮಾ ಖರ್ಚು ಅಂದ್ರ ಇನ್‌ಕ್ರಿಮೆಂಟಲ್. ಇವತ್ತಿನ ಶಿಲ್ಕು ಬೇಕಂದ್ರ ಮೊದಲ ಪಾನದಿಂದ ಕೂಡಿಸ್ಕೋತ ಬರಬೇಕು, ನಡಕ ಒಂದು ಪಾನ ಹರಿದ್ರ ಅದರ ಹಿಂದಿನ ದಿನದ ತನಕ ಲೆಕ್ಕ ಬರೋಬ್ಬರಿ, ಮುಂದಿಂದು ಒಂದೂ ನಂಬಲಿಕ್ಕೆ ಬರಂಗಿಲ್ಲ. ಫುಲ್ ಅನ್ನ ಬೇಕಂತಲೇ ತಗೊಳೋದು ಅಂದ್ರ ತಿಜೋರಿ ತೆಗೆದು ರೊಕ್ಕ ಎಣಿಸಿ ಹೊಸ ಪುಸ್ತಕ ಹಾಕೋದು.

ಮೊದಲ ಒಂದು ಮಾತು. ಈ ಸ್ಥಿತಿಯೊಳಗ ಏನೂ ಅಳಿಸಬ್ಯಾಡ್ರಿ. ಹಳೆ ಬ್ಯಾಕಪ್ ಕೆಟ್ಟೈತಿ ಅಂತ ಸಿಟ್ಟಿಗೆದ್ದು ಡಿಸ್ಕ್ ಫಾರ್ಮ್ಯಾಟ್ ಹೊಡದು "ಹೊಸದಾಗಿ ಚಾಲೂ ಮಾಡೋಣ" ಅನ್ನೋರನ್ನ ನೋಡೀನಿ, ಕೆಟ್ಟದ್ದು 1 ವಾಲ್ಯೂಮ್ (ಬ್ಯಾಕಪ್ಪಿನ ಒಂದು ತುಂಡು ಫೈಲ್) ಇರ್ತೈತಿ, ಕಳಕೊಳ್ಳೋದು ಪೂರಾ ವರ್ಷದ ಕೆಲಸ.

ನಾ ಮೊದಲ ನೋಡೋದು ಸರಪಳಿ ಪಟ್ಟಿ. ಒಂದು ಫುಲ್, ಅದರ ಬೆನ್ನಿಗೆ ಬಂದ ಇನ್‌ಕ್ರಿಮೆಂಟಲ್ ಎಲ್ಲಾ ಕೂಡಿ ಒಂದು ಸರಪಳಿ, ಒಂದೊಂದು ಬ್ಯಾಕಪ್ ಒಂದೊಂದು ಕೊಂಡಿ. ಡುಪ್ಲಿಸಿಟಿಗೆ ಕಲೆಕ್ಷನ್ ಸ್ಟೇಟಸ್ ಅನ್ನೋ ಕಮಾಂಡ್ ಐತಿ, ಅದಕ್ಕ ಬ್ಯಾಕಪ್ ಇರೋ ಜಾಗಾ ತೋರಿಸಿದ್ರ ಯಾವಾಗ ಫುಲ್ ಆತು, ಅದರ ಬೆನ್ನಿಗೆ ಎಷ್ಟು ಇನ್‌ಕ್ರಿಮೆಂಟಲ್ ಆದವು, ಒಂದೊಂದಕ್ಕ ಎಷ್ಟು ವಾಲ್ಯೂಮ್, ಅರ್ಧಕ್ಕ ನಿಂತದ್ದು ಏನರ ಐತೇನು, ಎಲ್ಲಾ ಹೇಳ್ತೈತಿ. ಕಮಾಂಡ್ ಬ್ಯಾಡ ಅಂದ್ರ ಬ್ಯಾಕಪ್ ಫೋಲ್ಡರ್ ತೆಗೆದು ಬರೇ ಫೈಲ್ ಹೆಸರು ನೋಡ್ರಿ, ಡುಪ್ಲಿಸಿಟಿ ಹೈಫನ್ ಫುಲ್ ಅಂತ ಚಾಲೂ ಆಗೋವು ಫುಲ್, ಡುಪ್ಲಿಸಿಟಿ ಹೈಫನ್ ಐಎನ್‌ಸಿ ಅಂತ ಇರೋವು ಇನ್‌ಕ್ರಿಮೆಂಟಲ್, ಐಎನ್‌ಸಿ ಹೆಸರಿನೊಳಗ ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ ಅಂತ ಎರಡು ಟೈಮ್ ಇರ್ತಾವು.

ಇವರ ಪಟ್ಟಿಯೊಳಗ ಕೊನೇ ಫುಲ್ ಆಗಿ 27 ದಿನ ಆಗಿತ್ತು, ಐಕಾನ್ ಒತ್ತಿದಾಗ ನಡಿಯೋ ಸ್ಕ್ರಿಪ್ಟ್‌ನ್ಯಾಗ "ಫುಲ್ 30 ದಿನಕ್ಕಿಂತ ಹಳೇದಾದ್ರ ತಾನಾ ಹೊಸಾ ಫುಲ್ ತಗೋ" ಅಂತ ಆಪ್ಷನ್ ಇತ್ತು, ಹಂಗಾಗಿ ಮೊದಲ ನೋಟಕ್ಕ ಎಲ್ಲಾ ಸರಿ ಐತಲ್ಲಾ ಅನಿಸ್ತು. ಆದ್ರ ಹುಡುಗ ಅವತ್ತು ಒತ್ತಿದ್ದು ಬಿಟ್ಟ ಇನ್‌ಕ್ರಿಮೆಂಟಲ್ 71 ಇದ್ದವು. ದಿನಕ್ಕ ಒಂದ ಸಲ ಅಂಗಡಿ ಮುಚ್ಚೋ ಹೊತ್ತಿಗೆ ಒತ್ತತೀವಿ ಅಂತಾರ, 27 ದಿನಕ್ಕ 71 ಹೆಂಗ ಆದವು? ಸಾವಕಾಶ ತಾರೀಖು ನೋಡ್ಕೋತ ಹೋದ್ರ ಒಂದೇ ತಾರೀಖಿಗೆ ಎರಡು, ಮತ್ತೊಂದಕ್ಕ ಮೂರು, ಅದೂ ಹೊತ್ತಲ್ಲದ ಹೊತ್ತಿನ್ಯಾಗ, ಬೆಳಗಿನ ಜಾವ 3 ಕ್ಕೊಂದು, ಮಧ್ಯಾಹ್ನ 12 ಕ್ಕೊಂದು. ಫೈಲ್ ಹೆಸರಿನ್ಯಾಗ ಬರೆಯೋ ಟೈಮ್ ಯುಟಿಸಿ, ನಮ್ಮ ಟೈಮಿಗಿಂತ ಐದೂವರೆ ತಾಸು ಹಿಂದ, ರಾತ್ರಿ 8 ಕ್ಕ ತಗೊಂಡದ್ದು ಮಧ್ಯಾಹ್ನ 2:30 ಅಂತ ಬರ್ತೈತಿ, ಹಂಗಂತ ಅದನ್ನ ಕೂಡಿಸಿ ನೋಡಿದೆ, ಆಗಲೂ ತಾಳ ಕೂಡಲಿಲ್ಲ. ಪ್ರತಿ ಬ್ಯಾಕಪ್ಪಿಗೂ ನಡಕ ಹತ್ತತ್ರ 9 ತಾಸು ಅಂತರ.

9 ತಾಸು ಅಂದ್ರ ಈ ಅಂಗಡಿ ತೆರೆದಿರೋ ಹೊತ್ತು. ಹುಡುಗನ್ನ ಕೇಳಿದೆ, ಬೆಳಿಗ್ಗೆ ಈ ಡಬ್ಬಿ ಹೆಂಗ ಚಾಲೂ ಮಾಡ್ತೀ ಅಂತ. "ಸರ್, ಸ್ವಿಚ್ ಹಾಕಿದ ಕೂಡ್ಲೇ ಎಫ್1 ಒತ್ತು ಅಂತ ಬರ್ತೈತ್ರಿ, ಒತ್ತತೀನಿ, ಚಾಲೂ ಆಗ್ತೈತಿ." ಎಷ್ಟು ದಿನದಿಂದ ಅಂದ್ರ ತಾ ಕೆಲಸಕ್ಕ ಸೇರಿದಾಗಿಂದ ಅಂದ. ಮದರ್‌ಬೋರ್ಡ್ ಮ್ಯಾಲ ನಾಣ್ಯದಂಥಾ ಒಂದು ಸೆಲ್ ಇರ್ತೈತಿ, ಸಿಆರ್2032, ಕರೆಂಟ್ ಇಲ್ಲದಾಗ ಗಡಿಯಾರ ನಡಸೋದು ಅದೇ. 3 ವೋಲ್ಟ್ ಇರಬೇಕಾದ್ದು ಮೀಟರ್ ಹಿಡಿದ್ರ 1.2 ತೋರಿಸ್ತು. ರಾತ್ರಿ ಮೇನ್ ಸ್ವಿಚ್ ತೆಗೀತಾರ, ಗಡಿಯಾರ ಸಾಯ್ತೈತಿ, ಈ ಡಬ್ಬಿಗೆ ಇಂಟರ್‌ನೆಟ್ ಕೊಟ್ಟಿಲ್ಲಾದ್ದರಿಂದ ಟೈಮ್ ಸರಿಪಡಿಸೋರು ಯಾರೂ ಇಲ್ಲ. ಹೊಸಾ ಲಿನಕ್ಸ್‌ನ್ಯಾಗ ಏನ್ ಮಾಡ್ಯಾರಂದ್ರ ಇಂಥಾ ಹೊತ್ತಿನ್ಯಾಗ ಗಡಿಯಾರ ಹಿಂದಕ್ಕ ಓಡಬಾರದು ಅಂತ ನಿಮಿಷಕ್ಕೊಮ್ಮೆ ಟೈಮ್ ಡಿಸ್ಕ್ ಮ್ಯಾಲ ಬರದಿಟ್ಟಿರ್ತೈತಿ, ಮುಂಜಾನೆ ಚಾಲೂ ಆದಾಗ ನಿನ್ನೆ ಸಂಜಿ ನಿಂತಲ್ಲಿಂದ ಮುಂದ ನಡೀತೈತಿ. ಅಂದ್ರ ಈ ಡಬ್ಬಿಗೆ ರಾತ್ರಿ ಅನ್ನೋದ ಇಲ್ಲ. ನಮ್ಮ ಒಂದು ದಿನಕ್ಕ ಅದರದು 9 ತಾಸು, ಅದರ 30 ದಿನ ಆಗಲಿಕ್ಕೆ ನಮ್ಮವು 80 ಕೆಲಸದ ದಿನ ಬೇಕು. ತಿಂಗಳಿಗೊಮ್ಮೆ ಆಗಬೇಕಾದ ಫುಲ್ ಮೂರು ತಿಂಗಳಾದ್ರೂ ಆಗಿರಲಿಲ್ಲ, ಪ್ರೋಗ್ರಾಮಿನ ತಪ್ಪು ಏನೂ ಇಲ್ಲ, ಅದು ಕೇಳಿದ ಗಡಿಯಾರನ ಸುಳ್ಳ ಹೇಳ್ತಿತ್ತು.

ಅದಕ್ಕ ತಾನಾ ಫುಲ್ ಆಗವಲ್ದು ಅಂತ ಯಾರರ ಅಂದ್ರ ನಾ ಮೊದಲ ಕೇಳೋದು ಟೈಮ್ ಎಷ್ಟಾಗೇತಿ ತೋರಿಸ್ರಿ ಅಂತ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಕೊಟ್ರ ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಅನ್ನೋ ಸಾಲಿನ ಮುಂದ ನೋ ಅಂತ ಬಂದ್ರ ತಾರೀಖು ಕೈಲೆ ತಾಳೆ ನೋಡ್ರಿ.

ಎರಡನೇದು ಡಿಸ್ಕ್. ಗಡಿಯಾರ ತಪ್ಪಿದ್ದಕ್ಕ ಸರಪಳಿ ಉದ್ದ ಆತು, ಖರೆ, ಆದ್ರ ಕೊಂಡಿ ಹರಿದದ್ದು ಯಾಕ? ಸ್ಮಾರ್ಟ್‌ಸಿಟಿಎಲ್ ಹಾಕಿ ಯುಎಸ್‌ಬಿ ಡಿಸ್ಕಿನ ಆರೋಗ್ಯ ನೋಡಿದೆ, ಕರೆಂಟ್ ಪೆಂಡಿಂಗ್ ಸೆಕ್ಟರ್ (ಡಿಸ್ಕಿನ್ಯಾಗ ಸರಿಯಾಗಿ ಓದಲಿಕ್ಕೆ ಬರದ ಜಾಗಾ) ಅನ್ನೋದರ ಮುಂದ ಸೊನ್ನಿ ಇರಬೇಕಾದಲ್ಲಿ 16 ಇತ್ತು, ಡಿಮೆಸೇಜ್ ಅನ್ನೋ ಲಿನಕ್ಸ್ ದಾಖಲೆಯೊಳಗ ಐ/ಓ ಎರರ್ (ಓದೋ ಬರೆಯೋ ತಪ್ಪು) ಸಾಲಾಗಿ ನಿಂತಿದ್ದವು. ಡಿಸ್ಕ್ ಸಾಯಲಿಕತ್ತಿತ್ತು. ಇದು ಯಾಕ ಮುಖ್ಯ ಅಂದ್ರ ಸರಪಳಿ ಹರೀತು ಅಂತ ಅದೇ ಡಿಸ್ಕಿಗೆ ಫುಲ್ ತಗೊಂಡ್ರ ಆ ಫುಲ್ಲೂ ಅದೇ ಕೆಟ್ಟ ಸೆಕ್ಟರ್ ಮ್ಯಾಲ ಹೋಗಿ ಕುಂದರಬಹುದು, ಮೂರು ತಿಂಗಳ ಬಿಟ್ಟು ಮತ್ತ ಅದೇ ಫೋನು. ಡಿಸ್ಕ್ ಚಲೋ ಐತಿ ಅಂತ ಖಾತ್ರಿ ಆಗೋ ತನಕ ಫುಲ್ ಬ್ಯಾಡ.

ಗಿರಾಕಿ ಕುಂತಿದ್ರು, ಹಂಗಾಗಿ ಮೊದಲ ಅವರ ಫೈಲ್. ಪೂರಾ ರಿಸ್ಟೋರ್ ಬ್ಯಾಡ, ಆ ಒಂದು ಫೋಲ್ಡರ್ ಅಷ್ಟ ಕೇಳಿದೆ, ಹಳೆ ವರ್ಷನ್‌ನ್ಯಾಗ ಅದಕ್ಕ ಫೈಲ್ ಟು ರಿಸ್ಟೋರ್ ಅಂತಾರ, ಹೊಸದರಾಗ ಪಾತ್ ಟು ರಿಸ್ಟೋರ್, ಜೊತಿಗೆ ಟೈಮ್ ಆಪ್ಷನ್ ಹಾಕಿ ಕೆಟ್ಟ ಕೊಂಡಿಗಿಂತ ಹಿಂದಿನ ತಾರೀಖು ಕೊಟ್ಟೆ. ತಾರೀಖು ಕೊಡದಿದ್ರ ಅದು ಇವತ್ತಿನ ಸ್ಥಿತಿ ಹುಡುಕ್ತೈತಿ, ಇವತ್ತಿನ ಸ್ಥಿತಿಯೊಳಗ ಆ ಫೋಲ್ಡರ್ ಡಿಲೀಟ್ ಆಗೇತಿ, ಇಲ್ಲ ಅಂತನ ಹೇಳ್ತೈತಿ. ಇಲ್ಲಿ ತಾರೀಖು ಅಂದ್ರ ಪಟ್ಟಿಯೊಳಗಿನ ತಾರೀಖು, ಗೋಡೆ ಮ್ಯಾಲಿನ ಕ್ಯಾಲೆಂಡರ್ ತಾರೀಖು ಅಲ್ಲ, ಈ ಕೇಸ್‌ನ್ಯಾಗ ಎರಡೂ ಬ್ಯಾರೆ. ಬ್ಯಾರೆ ಖಾಲಿ ಫೋಲ್ಡರಿಗೆ ತೆಗೆದೆ, ಇದ್ದ ಜಾಗಾದ ಮ್ಯಾಲ ತೆಗೀಬ್ಯಾಡ್ರಿ. ಬಂತು. ಪತ್ರಿಕೆ ಮ್ಯಾಲಿನ ಗಣಪತಿ ಮೊದಲ ಮೂಡಿದಾಗ ಗಿರಾಕಿ ಕೈ ಮುಗಿದ್ರು, ಅಕ್ಷರಾನೂ ನುಡಿ ಫಾಂಟಿನ್ಯಾಗ ಹೆಂಗಿದ್ದವು ಹಂಗ ಬಂದವು.

ಈಗ ಫುಲ್. ಹೊಸಾ ಸೆಲ್ ಹಾಕಿದೆ, ಟೈಮ್ ಸರಿ ಮಾಡೋ ಮೊದಲ ಒಂದು ವಿಚಾರ ಮಾಡಿದೆ, ತಾರೀಖು ಮುಂದಕ್ಕ ಜಿಗಿದ ಕೂಡ್ಲೇ 30 ದಿನದ ಗಡಿ ದಾಟ್ತೈತಿ, ಸಂಜೀಕ ಹುಡುಗ ಐಕಾನ್ ಒತ್ತಿದ್ರ ಲಾಸ್ಟ್ ಫುಲ್ ಬ್ಯಾಕಪ್ ಈಸ್ ಟೂ ಓಲ್ಡ್, ಫೋರ್ಸಿಂಗ್ ಫುಲ್ ಬ್ಯಾಕಪ್ ಅಂತ ಹೇಳಿ ತಾನಾ ಫುಲ್ ಚಾಲೂ ಮಾಡ್ತೈತಿ, ಅದೂ ಆ ಸಾಯೋ ಡಿಸ್ಕಿಗೇ. ಅದಕ್ಕ ಮೊದಲ ಹಳೆ ಡಿಸ್ಕ್ ತೆಗೆದಿಟ್ಟೆ, ಸ್ಕ್ರಿಪ್ಟ್‌ನ್ಯಾಗ ಜಾಗಾ ಬದಲಿ ಮಾಡಿದೆ, ಆಮ್ಯಾಲ ಗಡಿಯಾರ.

ಡುಪ್ಲಿಸಿಟಿಗೆ ಫುಲ್ ಬೇಕಂದ್ರ ಕಮಾಂಡಿನ ಹೆಸರಿನ ಬೆನ್ನಿಗೇ ಫುಲ್ ಅನ್ನೋ ಶಬ್ದ ಹಾಕಬೇಕು, ಆಮ್ಯಾಲ ಯಾವ ಫೋಲ್ಡರ್, ಆಮ್ಯಾಲ ಎಲ್ಲಿಗೆ. ಅಷ್ಟ. 30 ದಿನ ಆಗಿರಲಿ ಬಿಡಲಿ, ಹಳೆ ಸರಪಳಿ ಇರಲಿ ಬಿಡಲಿ, ಆ ಶಬ್ದ ಕಂಡ್ರ ಎಲ್ಲಾ ಫೈಲ್ ಮೊದಲಿಂದ ಓದಿ ಬರೀತೈತಿ. ನಿಮ್ಮ ಸ್ಕ್ರಿಪ್ಟ್‌ನ್ಯಾಗ ಯಾರರ ಇನ್‌ಕ್ರಿಮೆಂಟಲ್ ಅಂತ ಶಬ್ದ ಬರದಿಟ್ಟಿದ್ರ ಅದನ್ನ ತೆಗೀರಿ, ಅದು ಇದ್ದು ನೀವು ಹೊಸಾ ಖಾಲಿ ಡಿಸ್ಕ್ ಕೊಟ್ರ ಹಳೆ ಸಿಗ್ನೇಚರ್ (ಹೋದ ಸಲ ಫೈಲ್ ಹೆಂಗಿದ್ದವು ಅನ್ನೋ ಗುರುತು) ಸಿಗವಲ್ದು, ಇನ್‌ಕ್ರಿಮೆಂಟಲ್ ಚಾಲೂ ಮಾಡಲಿಕ್ಕೆ ಬರಂಗಿಲ್ಲ ಅಂತ ಹೇಳಿ ನಿಂದರ್ತೈತಿ. ಯಾವ ಶಬ್ದಾನೂ ಇಲ್ಲದ ಸ್ಕ್ರಿಪ್ಟ್ ಇದ್ರ ಖಾಲಿ ಜಾಗಾ ಕಂಡಾಗ ನೋ ಸಿಗ್ನೇಚರ್ಸ್ ಫೌಂಡ್, ಸ್ವಿಚಿಂಗ್ ಟು ಫುಲ್ ಬ್ಯಾಕಪ್ ಅಂತ ತಾನಾ ಫುಲ್ಲಿಗೆ ಹೋಗ್ತೈತಿ. ಉಬುಂಟುದಾಗ ಬ್ಯಾಕಪ್ಸ್ ಅಂತ ಕಾಣೋ ಡೇಜಾ ಡುಪ್ ಅನ್ನ ಡುಪ್ಲಿಸಿಟಿ ಮ್ಯಾಲ ನಡಸೋರಿಗೆ ಈ ಗುಣ ಭಾಳ ಉಪಯೋಗ, ಅದರ ಕಿಟಕಿಯೊಳಗ ಫುಲ್ ಅಂತ ಬಟನ್ ಇಲ್ಲ, ಬ್ಯಾಕಪ್ ಹೋಗೋ ಫೋಲ್ಡರಿನ ಹೆಸರು ಬದಲಿ ಮಾಡಿದ್ರ ಅಲ್ಲಿ ಹಳೇದು ಏನೂ ಸಿಗದ ಫುಲ್ ಆಗ್ತೈತಿ.

ಇನ್ನೊಂದು ಉಪಾಯ ಮಂದಿ ಮಾಡ್ತಾರ, ಹೋಮ್ ಫೋಲ್ಡರಿನ ಕ್ಯಾಶ್ (ಪ್ರೋಗ್ರಾಮ್ ತನ್ನ ನೆನಪಿಗೆ ಇಟ್ಟುಕೊಳ್ಳೋ ಜಾಗಾ) ಒಳಗಿರೋ ಡುಪ್ಲಿಸಿಟಿ ಫೋಲ್ಡರ್ ಅಳಿಸಿದ್ರ ಅದು ಎಲ್ಲಾ ಮರೆತು ಫುಲ್ ತಗೋತೈತಿ ಅಂತ. ತಗೊಳಂಗಿಲ್ಲ. ಬ್ಯಾಕಪ್ ಇರೋ ಜಾಗಾಕ್ಕ ಹೋಗಿ ಮ್ಯಾನಿಫೆಸ್ಟ್ (ಯಾವ ವಾಲ್ಯೂಮ್‌ನ್ಯಾಗ ಏನೈತಿ ಅನ್ನೋ ಪಟ್ಟಿ), ಸಿಗ್ನೇಚರ್ ಎಲ್ಲಾ ಮತ್ತ ತಂದುಕೊಂಡು ಅದೇ ಹಳೆ ಸರಪಳಿಗೆ ಇನ್ನೊಂದು ಕೊಂಡಿ ಹಾಕ್ತೈತಿ. ಟೈಮ್ ವೇಸ್ಟ್.

ಜಾಗಾ ಲೆಕ್ಕ ಹಾಕ್ರಿ. ಇವರ ಡೇಟಾ 280 ಜಿಬಿ, ಹೊಸಾ ಫುಲ್ ಮುಗಿಯೋ ತನಕ ಹಳೇದು ಅಳಿಸಬಾರದು, ಹಂಗಾಗಿ ಒಂದೇ ಡಿಸ್ಕ್ ಇದ್ರ ಎರಡರಷ್ಟು ಜಾಗಾ ಬೇಕು. ನಾವು 2 ಟಿಬಿದು ಹೊಸದ ತಂದ್ವಿ. ಡುಪ್ಲಿಸಿಟಿ ಹೊಸಾ ವರ್ಷನ್ 200 ಎಂಬಿ ಒಂದರಂಗ ತುಂಡು ಮಾಡಿ ಬರೀತೈತಿ, 280 ಜಿಬಿಗೆ ಹೆಚ್ಚುಕಮ್ಮಿ 1400 ವಾಲ್ಯೂಮ್. ಹಳೆ ಮಷಿನ್, ಎನ್‌ಕ್ರಿಪ್ಟ್ ಬ್ಯಾರೆ ಮಾಡ್ಬೇಕು, ಲಗೂ ಆಗೋದಲ್ಲ. ಶನಿವಾರ ರಾತ್ರಿ 9 ಕ್ಕ ಹಚ್ಚಿದ್ದು ಐತವಾರ ಬೆಳಿಗ್ಗೆ 6 ರ ಹೊತ್ತಿಗೆ ಮುಗೀತು, ಶನಿವಾರ ಯಾಕಂದ್ರ ಮರುದಿನ ಅಂಗಡಿ ಬಂದ್, ಯಾರೂ ಫೈಲ್ ತೆರೆದು ಕುಂದ್ರಂಗಿಲ್ಲ. ಕಾಕಾರಿಗೆ ಮೂರು ಸಲ ಹೇಳಿದೆ ಇವತ್ತೊಂದಿನ ಮೇನ್ ಸ್ವಿಚ್ ಮುಟ್ಟಬ್ಯಾಡ್ರಿ ಅಂತ, ರೂಢಿ ನೋಡ್ರಿ, ಕೈ ತಾನಾ ಹೋಗ್ತೈತಿ, ಕಡೀಕ ಸ್ವಿಚ್ ಮ್ಯಾಲ ಒಂದು ಲಗ್ನಪತ್ರಿಕೆ ರಟ್ಟು ಅಂಟಿಸಿ ಬಂದೆ. ನಡಕ ಕರೆಂಟ್ ಹೋಗಿ ನಿಂತರೂ ಗಾಬರಿ ಬ್ಯಾಡ, ಅದೇ ಕಮಾಂಡ್ ಮತ್ತ ಕೊಟ್ರ ಬಿಟ್ಟ ವಾಲ್ಯೂಮ್‌ನಿಂದ ಮುಂದುವರಸ್ತೈತಿ.

ಪಾಸ್‌ವರ್ಡ್ ಬಗ್ಗೆ ಎಚ್ಚರ ಇರ್ರಿ. ಹೊಸಾ ಜಾಗಾಕ್ಕ ಫುಲ್ ಹೋಗುವಾಗ ಹಳೇದರ ಜೋಡಿ ತಾಳೆ ನೋಡೋದು ಏನೂ ಇರಂಗಿಲ್ಲ, ಸ್ಕ್ರಿಪ್ಟ್‌ನ್ಯಾಗ ಒಂದು ಅಕ್ಷರ ತಪ್ಪಿದ್ರೂ ಆ ತಪ್ಪು ಪಾಸ್‌ವರ್ಡ್‌ಲೇ ಪೂರಾ ಬ್ಯಾಕಪ್ ಬೀಗ ಹಾಕ್ತೈತಿ, ಒಂದು ಎರರ್ ಬರಂಗಿಲ್ಲ. ಅದಕ್ಕ ನಾ ಆಮ್ಯಾಲ ರಿಸ್ಟೋರ್ ಪರೀಕ್ಷೆ ಮಾಡುವಾಗ ಸ್ಕ್ರಿಪ್ಟ್ ಬಳಸಂಗಿಲ್ಲ, ಕಾಕಾರ ತಿಜೋರಿಯೊಳಗಿನ ಚೀಟಿ ತರಿಸಿ ಅದನ್ನ ನೋಡಿ ಕೈಲೆ ಟೈಪ್ ಮಾಡ್ತೀನಿ.

ಆದದ್ದು ಖರೇನ ಫುಲ್ಲೇನು ಅಂತ ನೋಡೋದು ಸುಲಭ. ಮುಗಿದಾಗ ಬರೋ ಲೆಕ್ಕದಾಗ ಸೋರ್ಸ್ ಫೈಲ್ಸ್ ಎಷ್ಟು, ನ್ಯೂ ಫೈಲ್ಸ್ ಎಷ್ಟು ಅಂತ ಇರ್ತೈತಿ, ಎರಡೂ ಒಂದೇ ಇದ್ರ ಫುಲ್, ಎಲ್ಲಾ ಫೈಲ್ ಹೊಸದು ಅಂತ ಎಣಿಸೇತಿ. ನ್ಯೂ ಫೈಲ್ಸ್ ಹತ್ತೋ ಇಪ್ಪತ್ತೋ ಇದ್ರ ಅದು ಇನ್‌ಕ್ರಿಮೆಂಟಲ್ಲೇ. ಕೆಳಗ ಎರರ್ಸ್ ಸೊನ್ನಿ ಇರಬೇಕು. ಆಮ್ಯಾಲ ವೆರಿಫೈ ಕೊಡ್ರಿ, ಕಂಪೇರ್ ಡೇಟಾ ಅನ್ನೋ ಆಪ್ಷನ್ ಸೇರಿಸಿದ್ರ ಈಗಿನ ಫೈಲಿನ ಒಳಗಿಂದೂ ತಾಳೆ ನೋಡ್ತೈತಿ, ಹೊತ್ತು ಹಿಡೀತೈತಿ, ಆದ್ರೂ ಮೊದಲ ಸಲ ಮಾಡ್ರಿ. ಅಷ್ಟಾದ ಮ್ಯಾಲ ಒಂದು ಹಳೆ ಫೈಲ್, ಒಂದು ನಿನ್ನಿ ಫೈಲ್ ಬ್ಯಾರೆ ಜಾಗಾಕ್ಕ ತೆಗೆದು ಡಿಸೈನರ್ ಅಕ್ಕಾರ ಕೈಯಾಗ ಕೊಟ್ಟೆ, ಅವರು ಕೋರೆಲ್‌ನ್ಯಾಗ ತೆರೆದು "ಬರೋಬ್ಬರಿ ಐತ್ರಿ" ಅಂದ್ರು. ಫೈಲ್ ತೆರೆದು ನೋಡಬೇಕಾದ್ದು ಅದರಾಗ ಕೆಲಸ ಮಾಡೋರು, ನಾನಲ್ಲ.

ನಿಮ್ಮ ಕಡೆ ಬ್ಯಾರೆ ಪ್ರೋಗ್ರಾಮ್ ಇದ್ರ ಫುಲ್ ಅನ್ನೋ ಮಾತಿನ ಅರ್ಥಾನ ಬ್ಯಾರೆ ಆಗ್ತೈತಿ. ಟಾರ್ ಬಳಸಿ ಇನ್‌ಕ್ರಿಮೆಂಟಲ್ ಮಾಡೋರು ಲಿಸ್ಟೆಡ್ ಇನ್‌ಕ್ರಿಮೆಂಟಲ್ ಅನ್ನೋ ಆಪ್ಷನ್‌ಗೆ ಒಂದು ಸ್ನ್ಯಾಪ್‌ಶಾಟ್ ಫೈಲ್ ಕೊಟ್ಟಿರ್ತಾರ, ಆ ಫೈಲ್ ಬ್ಯಾರೆ ಹೆಸರಿಗೆ ಸರಿಸಿದ್ರ, ಇಲ್ಲಾ ಲೆವೆಲ್ ಸೊನ್ನಿ ಅಂತ ಹೇಳಿದ್ರ ಫುಲ್ ಆಗ್ತೈತಿ, ಅದು ಒಂದೇ ದೊಡ್ಡ ಫೈಲ್ ಮಾಡೋದರಿಂದ ಡಿಸ್ಕ್ ಫ್ಯಾಟ್32 ಅನ್ನೋ ಹಳೆ ನಮೂನಿ ಫಾರ್ಮ್ಯಾಟ್ ಇದ್ರ 4 ಜಿಬಿಗೆ ಬಂದು ನಿಂದರ್ತೈತಿ. ರೆಸ್ಟಿಕ್, ಬೋರ್ಗ್ ಒಳಗ ಫುಲ್, ಇನ್‌ಕ್ರಿಮೆಂಟಲ್ ಅನ್ನೋ ಭೇದಾನ ಇಲ್ಲ, ಪ್ರತಿ ಸ್ನ್ಯಾಪ್‌ಶಾಟ್ ಪೂರಾನ ಕಾಣ್ತೈತಿ, ಆದ್ರ ಒಂದೇ ನಮೂನಿ ತುಣುಕು ಒಂದ ಸಲ ಇಡ್ತಾವು. ರೆಸ್ಟಿಕ್‌ಗೆ ಫೋರ್ಸ್ ಅಂದ್ರ ಎಲ್ಲಾ ಫೈಲ್ ಮತ್ತ ಓದ್ತೈತಿ ಖರೆ, ಮೊದಲ ಇಟ್ಟ ತುಣುಕು ಎರಡನೇ ಸಲ ಬರಿಯಂಗಿಲ್ಲ, ಅದಕ್ಕ ನೂರು ಸ್ನ್ಯಾಪ್‌ಶಾಟ್ ಅದಾವು ಅಂತ ನೂರು ಕಾಪಿ ಅನಕೋಬ್ಯಾಡ್ರಿ, ನಿಜವಾದ ಎರಡನೇ ಫುಲ್ ಬೇಕಂದ್ರ ಬ್ಯಾರೆ ಡಿಸ್ಕಿನ್ಯಾಗ ಬ್ಯಾರೆ ರೆಪೊಸಿಟರಿ (ತುಣುಕು ಎಲ್ಲಾ ಇಡೋ ಭಂಡಾರ) ಮಾಡಬೇಕು, ಇದ್ದದ್ದು ಸರಿ ಐತೇನು ನೋಡಲಿಕ್ಕೆ ಚೆಕ್ ಕಮಾಂಡಿಗೆ ರೀಡ್ ಡೇಟಾ ಸೇರಿಸಬೇಕು. ವೀಮ್ ಬಳಸೋ ಆಫೀಸಿನವರಿಗೆ ಆ್ಯಕ್ಟಿವ್ ಫುಲ್, ಸಿಂಥೆಟಿಕ್ ಫುಲ್ ಅಂತ ಎರಡು ಕಾಣ್ತಾವು. ಕೀರ್ದಿ ಲೆಕ್ಕದಾಗ ಹೇಳಬೇಕಂದ್ರ ಸಿಂಥೆಟಿಕ್ ಅಂದ್ರ ಹಳೆ ಪುಸ್ತಕದ ಕೊನೇ ಶಿಲ್ಕು ನೋಡಿ ಹೊಸಾ ಪುಸ್ತಕಕ್ಕ ಇಳಿಸೋದು, ಆ್ಯಕ್ಟಿವ್ ಅಂದ್ರ ತಿಜೋರಿ ತೆಗೆದು ಎಣಿಸೋದು. ಹಳೆ ಪುಸ್ತಕದ ಮ್ಯಾಲ ಸಂಶೆ ಬಂದಾಗ ಎಣಿಸೋದ ಬೇಕು.

ಹಳೇದನ್ನ ತೆಗಿಯೋ ಸುದ್ದಿ. ಡುಪ್ಲಿಸಿಟಿಗೆ ರಿಮೂವ್ ಓಲ್ಡರ್ ದ್ಯಾನ್ ಅಂತ ತಾರೀಖು ಕೊಟ್ರೂ ಹೊಸಾ ಇನ್‌ಕ್ರಿಮೆಂಟಲ್ ಯಾವ ಫುಲ್ ಮ್ಯಾಲ ನಿಂತೈತಿ ಅದನ್ನ ಅಳಸಂಗಿಲ್ಲ, ಫೋರ್ಸ್ ಅಂತ ಹಾಕೋ ತನಕ ಬರೇ ಪಟ್ಟಿ ತೋರಿಸ್ತೈತಿ, ಹಂಗಾಗಿ ಮೊದಲ ಫೋರ್ಸ್ ಇಲ್ಲದ ಕೊಟ್ಟು ಪಟ್ಟಿ ಓದ್ರಿ. ಇವರ ಕೇಸ್‌ನ್ಯಾಗ ನಾ ಹಳೆ ಡಿಸ್ಕ್ ಮುಟ್ಟಲಿಲ್ಲ, ಅದರ ಮ್ಯಾಲ "ಓದಲಿಕ್ಕೆ ಅಷ್ಟ, ಬರೀಬ್ಯಾಡ್ರಿ" ಅಂತ ಚೀಟಿ ಹಚ್ಚಿ ಕಾಕಾರ ಮನಿ ಕಪಾಟಿನ್ಯಾಗ ಇಡಿಸೀನಿ, ಈ ಸೀಜನ್ ಮುಗಿದು ಹೊಸಾ ಡಿಸ್ಕಿನ್ಯಾಗ ಎರಡನೇ ಫುಲ್ ಆಗೋ ತನಕ ಅಲ್ಲೇ ಇರ್ತೈತಿ. ಡೆಸ್ಕ್‌ಟಾಪ್ ಮ್ಯಾಲ ಈಗ ಎರಡು ಐಕಾನ್, ಒಂದು "ದಿನದ ಬ್ಯಾಕಪ್", ಇನ್ನೊಂದು "ಪೂರಾ ಬ್ಯಾಕಪ್", ಎರಡನೇದನ್ನ ತಿಂಗಳ ಮೊದಲ ಶನಿವಾರ ಮುಚ್ಚೋ ಮುಂದ ಒತ್ತಬೇಕಂತ ಹುಡುಗ ಕ್ಯಾಲೆಂಡರ್ ಮ್ಯಾಲ ತಾನಾ ಕೆಂಪು ಪೆನ್ನಿಲೆ ಗುರುತು ಮಾಡ್ಯಾನ, ಮುಂಜಾನೆ ಎಫ್1 ಕೇಳೋದು ನಿಂತೈತಿ.